ಗಂಜಾಂನ ದೊಡ್ಡಸ್ವಾಮಿಯವರು

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ದರಿಯಾ ದೌಲತ್ ನೋಡಿ, ನಿಮಿಷಾಂಬ ದೇವಿಗೆ ಕೈಮುಗಿದು, ಗುಂಬಜ್ ಮುಗಿಸಿಕೊಂಡು ಸಂಗಮದ ಕಡೆ ಹೊರಟುಬಿಡುತ್ತಾರೆ. ಮೈಸೂರಿನಿಂದ ನಾನು ಹೊರಟಿದ್ದು ಗಂಜಾಂನ ಹಳೆಯ ಚರ್ಚಿಗಾಗಿ. ಒಂದು ಕಾಲದಲ್ಲಿ ಅಂಜೂರಕ್ಕೆ ಹೆಸರಾಗಿದ್ದ ಈ ಊರಿನಲ್ಲಿ, ಅದನ್ನು ಇಂದಿಗೂ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ (ಅಬ್ಬೆ ಎಂದರೆ ಫ್ರೆಂಚಿನಲ್ಲಿ ಪಾದ್ರಿ) ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಫ್ರಾನ್ಸಿನ ಆರ್ದೆಶ್ ಸೀಮೆಯ ಸೇಂಟ್ ರೆಮೆಜ್ ಎಂಬ ಹಳ್ಳಿಯ ಜೀನ್ ಆಂಟೊಯ್ನ್ ದ್ಯುಬುವಾ, 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪಾದ್ರಿಯಾಗಿ ಭಾರತಕ್ಕೆ ಬಂದವರು. 1799ರಲ್ಲಿ ಟಿಪ್ಪು ಮಡಿದು ಪಟ್ಟಣ ಬಿದ್ದಾಗ, ಸೆರೆ, ವಲಸೆ, ಬಲವಂತದ ಮತಾಂತರಗಳಿಂದ ಇಲ್ಲಿನ ಕ್ರೈಸ್ತ ಸಮುದಾಯ ಚೆದುರಿಹೋಗಿತ್ತು. ಅವರನ್ನು ಮತ್ತೆ ಒಗ್ಗೂಡಿಸುವ ಹೊಣೆ ಹೊತ್ತು ಬಂದ ದ್ಯುಬುವಾ ಬಿಳಿಯ ನಿಲುವಂಗಿ ತೊಟ್ಟು, ರುಮಾಲು ಸುತ್ತಿ, ಮಾಂಸಾಹಾರ ಬಿಟ್ಟು ಜನರ ನಡುವೆ ನೆಲೆಸಿದರು. ಚಿತ್ರಕಾರ ಥಾಮಸ್ ಹಿಕಿ ಬರೆದ ಭಾವಚಿತ್ರದಲ್ಲಿ ಅವರು ಇದೇ ಉಡುಪಿನಲ್ಲಿ ಬಿದಿರಿನ ಕೋಲು ಹಿಡಿದಿದ್ದಾರೆ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದೇ ಕರೆಯುತ್ತಿದ್ದರಂತೆ.

ಚರ್ಚಿನ ಆವರಣದಲ್ಲಿ ನಿಂತಾಗ ನನ್ನ ಮನಸ್ಸು ಹೆಚ್ಚಾಗಿ ಹೋದದ್ದು ಅವರು ನಡೆಸಿದ ಸಿಡುಬಿನ ಲಸಿಕೆಯ ಕೆಲಸದ ಕಡೆಗೆ. ಲಸಿಕೆ ಭಾರತಕ್ಕೆ ಬಂದದ್ದೇ 1802ರಲ್ಲಿ. ತಂಪು ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಎಂಟನೆಯ ದಿನ ತೆಗೆದು ಮುಂದಿನ ಮಗುವಿನ ತೋಳಿಗೆ ಗೀರಿ ಹಾಕಬೇಕಿತ್ತು. ತೋಳಿನಿಂದ ತೋಳಿಗೆ ಸಾಗುವ ಈ ಸರಪಳಿ ಎಲ್ಲಿ ತುಂಡಾದರೂ ಲಸಿಕೆಯೇ ಮುಗಿದುಹೋಗುತ್ತಿತ್ತು. ಸಿಡುಬೆದ್ದರೆ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟುತ್ತಿದ್ದ ನಾಡಿನಲ್ಲಿ ಇನ್ನೊಬ್ಬರ ಮಗುವಿನ ಕೀವನ್ನು ತನ್ನ ಮಗುವಿಗೆ ಹಾಕಿಸಿಕೊಳ್ಳಲು ತಾಯಿಯೊಬ್ಬಳು ಒಪ್ಪಬೇಕಾದರೆ, ಹೇಳುವವನ ಮೇಲೆ ಅವಳಿಗೆ ಎಷ್ಟು ನಂಬಿಕೆ ಇರಬೇಕು! 1803–04ರಲ್ಲಿ ಅವರ ಪ್ರಯತ್ನದಿಂದ 25,000ಕ್ಕೂ ಹೆಚ್ಚು ಮಂದಿ ಲಸಿಕೆ ಹಾಕಿಸಿಕೊಂಡರು. ಅವರು ಉಟ್ಟ ಬಟ್ಟೆ, ಉಂಡ ಊಟ ಎಲ್ಲವೂ ಆ ನಂಬಿಕೆಯನ್ನು ಗಳಿಸಿಕೊಟ್ಟವು ಎಂದೇ ನನಗೆ ತೋರುತ್ತದೆ. ನೆಲೆ ಕಳೆದುಕೊಂಡ ಕ್ರೈಸ್ತ ಕುಟುಂಬಗಳನ್ನು ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯಕ್ಕೆ ಹಚ್ಚಿದವರೂ ಅವರೇ.

ಇಲ್ಲಿನ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಅಚ್ಚಾಯಿತು. ಅದರ ಬಹುಭಾಗ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದು ಅವರ ಬರಹದಿಂದ ಬಂದದ್ದೆಂದು ವಿದ್ವಾಂಸರು ಮುಂದೆ ತೋರಿಸಿಕೊಟ್ಟಿದ್ದಾರೆ. ನಮ್ಮ ಜನರ ಬಗ್ಗೆ ಅದರಲ್ಲಿರುವ ಕಟುವಾದ ಮಾತುಗಳನ್ನೂ ನಾನು ಒಪ್ಪಲಾರೆ. ಹೀಗಿದ್ದರೂ ಲೋಕ ಅವರನ್ನು ಆ ಪುಸ್ತಕದಿಂದಲೇ ಬಲ್ಲದು. ಗಂಜಾಂ, ಸಾತಳ್ಳಿಗಳ ದುಡಿಮೆ ಹಿಂದೆ ಸರಿದಿದೆ.

1823ರ ಜನವರಿಯಲ್ಲಿ, ಮೂರು ದಶಕಗಳ ನಂತರ, ಅವರು ಭಾರತ ಬಿಟ್ಟರು. ಇಲ್ಲಿ ಮತಪ್ರಚಾರ ಫಲಿಸುವುದಿಲ್ಲವೆಂದು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿ 1848ರಲ್ಲಿ ತೀರಿಕೊಂಡರು. ತಮ್ಮ ಬದುಕಿನ ಕೆಲಸವನ್ನು ಅವರು ಮತಾಂತರದ ಲೆಕ್ಕದಲ್ಲಿ ಅಳೆದು ಸೋಲೆಂದುಕೊಂಡರು. ಗಂಜಾಂವರೆಗೆ ಹೋಗಿಬಂದ ನಾನು ಆ ಲೆಕ್ಕವನ್ನು ಒಪ್ಪುವುದಿಲ್ಲ.