‘ಇನ್ನೂ ನೌಕರೀನ ಮಾಡಾಕತ್ತೀ ಏನವ್ವಾ?’

ಬಾಗಲಕೋಟೆಯ ನವನಗರದಲ್ಲಿ ಚರ್ಚಿನ ಭಾನುವಾರದ ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಈ ಪ್ರಶ್ನೆ ಬರುತ್ತದೆ. “ಸೇವೆಗೆ ಯಾವಾಗ ಬರ್ತೀಯವ್ವಾ? ಇನ್ನೂ ನೌಕರೀನ ಮಾಡಾಕತ್ತೀ ಏನು?” ಸೇವೆ ಅಂದರೆ ನಮ್ಮಲ್ಲಿ ನೌಕರಿ ಬಿಟ್ಟು ಪೂರ್ತಿ ದೇವರ ವಾಕ್ಯ ಸಾರುವ ಕೆಲಸಕ್ಕೆ ಇಳಿಯುವುದು. ಮದುವೆ ಮನೆಯ ಊಟದ ಸಾಲಿನಲ್ಲೂ ಈ ಪ್ರಶ್ನೆ ಬರುತ್ತದೆ. ಇಷ್ಟು ವರ್ಷ “ಪ್ರಾರ್ಥನೆ ಮಾಡ್ರಿ” ಅಂತ ನಕ್ಕು ದಾಟಿಸಿದೆ. ಸಾಕಾಗಿದೆ. ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ, ಇನ್ನು ಮುಂದೆ ಕೇಳುವವರಿಗೆ ಇದನ್ನೇ ಕಳಿಸುತ್ತೇನೆ.

ಕೇಳುವವರಿಗೆ ಕಾರಣ ಇದೆ. 2001ರ ಬೇಸಿಗೆ ಕೂಟದಲ್ಲಿ ನಾನು ಎಲ್ಲರ ಮುಂದೆ ಎದ್ದು ನಿಂತು ಸಾಕ್ಷಿ ಹೇಳಿದ್ದೆ. ದೇವರು ತನ್ನ ಕೆಲಸಕ್ಕೆ ನನ್ನನ್ನು ಕರೆದಿದ್ದಾನೆ ಅಂತ. ಆಗ ನನಗೆ 17. ಸಭಾಪಾಲಕರು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಅವ್ವ ಅತ್ತಳು. ಆ ಮಾತನ್ನು ನಾನು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ. ಆಮೇಲೆ ನರ್ಸಿಂಗ್ ಓದಿದೆ. ಈಗ ಒಂದು ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿದ್ದೇನೆ. ನಮ್ಮ ಜನರ ಲೆಕ್ಕದಲ್ಲಿ ಹುಡುಗಿ ಕರೆ ಮರೆತಳು.

ನನಗೆ ಚುಚ್ಚುವುದು ಆ “ಇನ್ನೂ”. ನಾನೇನೋ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ, ನನ್ನ ಬಸ್ಸು ಇಪ್ಪತ್ತು ವರ್ಷದಿಂದ ಬಂದಿಲ್ಲ ಅನ್ನೋ ಹಾಗೆ ಕೇಳುತ್ತಾರೆ.

ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಮೂರನೇ ದಿನದ ಪ್ರಾರ್ಥನೆಗೆ ಮನೆ ತುಂಬಿತ್ತು. ನಾನು ಅಡುಗೆಮನೆ ಬಾಗಿಲಿಗೆ ಒರಗಿ ಕೂತಿದ್ದೆ. ಹಿರಿಯರೊಬ್ಬರು ಚಹಾ ಕಪ್ಪು ಹಿಡಿದು ಪಕ್ಕದಲ್ಲಿ ಬಂದು ಕೂತರು. ಏನೋ ಸಮಾಧಾನ ಹೇಳುತ್ತಾರೆ ಅಂದುಕೊಂಡೆ. “ನಿಮ್ಮಪ್ಪನ ಆಸೆ ಅದಾ ಇತ್ತವ್ವಾ. ಇನ್ನಾರ ನೌಕರಿ ಬಿಟ್ಟು ಸೇವೆಗೆ ಬಾ” ಅಂದರು. ನಾನು ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. ಅವರು ಕೆಟ್ಟವರಲ್ಲ. ಆದರೆ ಅಪ್ಪನ ಆಸೆ ಅದಾಗಿರಲಿಲ್ಲ.

ಅಪ್ಪನ ಆಸೆ ನನಗೆ ಗೊತ್ತು. ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಹಳೇ ಬಾಗಲಕೋಟೆಯ ಮನೆ ಮುಳುಗಡೆಗೆ ಹೋಯಿತು. ನವನಗರದ ಸೆಕ್ಟರಿನಲ್ಲಿ ಸೈಟು ಸಿಕ್ಕಾಗ ಅಲ್ಲಿ ಒಂದು ಗಿಡ ಇರಲಿಲ್ಲ. ಮೊದಲ ರಾತ್ರಿ ಅಪ್ಪ ಲಾಟೀನು ಬೆಳಕಿನಲ್ಲಿ ಬೈಬಲಿನ ಯೆರೆಮೀಯ 29 ಓದಿದರು. ಆ ಅಧ್ಯಾಯದ 11ನೇ ವಚನ ಎಲ್ಲರಿಗೂ ಬಾಯಿಪಾಠ. ನಿಮ್ಮ ಬಗ್ಗೆ ನನ್ನ ಯೋಚನೆಗಳು ಒಳ್ಳೆಯವೇ ಅಂತ ದೇವರು ಹೇಳುವ ಮಾತು. ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಅದೇ, ವಾಟ್ಸ್ಯಾಪಿನಲ್ಲಿ ಅದೇ. ಅಪ್ಪ ಓದಿದ್ದು 5ನೆಯದು. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರ ಅದು. ಮನೆ ಕಟ್ಟಿ ವಾಸ ಮಾಡಿ, ತೋಟ ಮಾಡಿ ಅದರ ಫಲ ಉಣ್ಣಿ ಅಂತ ಇದೆ. 10ನೇ ವಚನದಲ್ಲಿ ಊರಿಗೆ ವಾಪಸ್ ಬರಲು ಎಪ್ಪತ್ತು ವರ್ಷ ಆಗುತ್ತದೆ ಅಂತಲೂ ಇದೆ. ಅದನ್ನು ಯಾರೂ ಕ್ಯಾಲೆಂಡರಿಗೆ ಹಾಕುವುದಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಕರಿಬೇವು ನೆಟ್ಟರು.

ಕಿಟ್ಟೆಲ್ ಸಾಹೇಬರ ಕಥೆಯನ್ನೂ ಅಪ್ಪನೇ ಹೇಳಿದ್ದು. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಸುವಾರ್ತೆ ಸಾರಲು ಬಂದವರು. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವೆ ನಲವತ್ತು ವರ್ಷ. ಅಕ್ಕಿಗೆ ಏನಂತಾರೆ, ನೇಗಿಲಿಗೆ ಏನಂತಾರೆ ಅಂತ ಒಂದೊಂದೇ ಮಾತು ಕೂಡಿಸುವುದು ದೇವರ ಕೆಲಸವೋ ಬೇರೆ ಕೆಲಸವೋ ಅಂತ ಅಪ್ಪ ನನ್ನನ್ನೇ ಕೇಳುತ್ತಿದ್ದರು.

ಕನಸಿನ ಬಗ್ಗೆ ಸಭೆಯಲ್ಲಿ ಪ್ರಸಂಗ ಅಂದರೆ ಎಲ್ಲರೂ ಬೈಬಲಿನ ಯೋಸೇಫನನ್ನೇ ತರುತ್ತಾರೆ, ಅಲ್ವಾ? ನಾನೂ ತರುತ್ತೇನೆ. ಅಣ್ಣಂದಿರು ತನಗೆ ಅಡ್ಡಬೀಳುವ ಕನಸು ಕಂಡಾಗ ಅವನಿಗೂ 17. ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30. ನಮ್ಮವರು ಈ ಎರಡರ ನಡುವೆ ಜಿಗಿದುಬಿಡುತ್ತಾರೆ. ನಾನು ನಿಲ್ಲುವುದು ಆದಿಕಾಂಡ 40ರಲ್ಲಿ, ಸೆರೆಮನೆಯಲ್ಲಿ. ಅರಸನ ಇಬ್ಬರು ಅಧಿಕಾರಿಗಳು ಅಲ್ಲಿ ಕೈದಿಗಳು. ಅವರನ್ನು ನೋಡಿಕೊಳ್ಳುವುದು ಯೋಸೇಫನ ಕೆಲಸ. ಒಂದು ಬೆಳಿಗ್ಗೆ ಒಳಗೆ ಬಂದವನು ಅವರ ಮುಖ ನೋಡುತ್ತಾನೆ. ಇವತ್ತು ಯಾಕೆ ನಿಮ್ಮ ಮುಖ ಬಾಡಿದೆ ಅಂತ ಕೇಳುತ್ತಾನೆ. ಅಷ್ಟೇ. ಅವನು ಅರಮನೆ ತಲುಪಿದ ದಾರಿ ಶುರುವಾಗಿದ್ದು ಆ ಒಂದು ಪ್ರಶ್ನೆಯಿಂದ. ಅದೂ ತಕ್ಷಣ ಅಲ್ಲ. ಅವರು ತಾವು ಕಂಡ ಕನಸು ಹೇಳಿದರು, ಇವನು ಅರ್ಥ ಹೇಳಿದ. ಅವರಲ್ಲಿ ಬಿಡುಗಡೆಯಾದವನು ಇವನನ್ನು ಮರೆತ, ಇನ್ನೂ ಎರಡು ವರ್ಷ ಹೋಯಿತು. ತನ್ನ ಕನಸು ಮಣ್ಣು ಪಾಲಾಯಿತು ಅಂತ ಅನ್ನಿಸಬಹುದಾದ ಜಾಗದಲ್ಲಿ ನಿಂತು ಅವನು ಬೇರೆಯವರ ಮುಖ ನೋಡಿದ. ನನ್ನ ಕರೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ವಚನದಿಂದ ಕಲಿತದ್ದು.

ನಮ್ಮ ವಾರ್ಡಿನಲ್ಲಿ ಒಂದು ಸರದಿಗೆ ನಾಲ್ಕು ತಾಸು. ತೋಳಿನ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗಾಗಿ ಎರಡು ರಕ್ತನಾಳ ಕೂಡಿಸಿದ ಜಾಗ, ಅದರ ಮೇಲೆ ಬೆರಳಿಟ್ಟರೆ ರಕ್ತ ಗುಂಯ್ ಅಂತ ಓಡುವುದು ಗೊತ್ತಾಗುತ್ತದೆ. ಎರಡು ಸೂಜಿ ಚುಚ್ಚಬೇಕು. ಒಂದರಿಂದ ರಕ್ತ ಮೆಷಿನ್ನಿಗೆ ಹೋಗುತ್ತದೆ, ಇನ್ನೊಂದರಿಂದ ಸೋಸಿ ವಾಪಸ್ ಬರುತ್ತದೆ. ಆ ನಾಲ್ಕು ತಾಸು ಅವರು ಎಲ್ಲಿಗೂ ಹೋಗುವ ಹಾಗಿಲ್ಲ. ಆಗ ಮುಖ ನೋಡಲೇಬೇಕು. ಬೀಳಗಿ ಕಡೆಯ ಅಜ್ಜ ಒಬ್ಬರು ಒಂದು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಯಾಕೆ ಅಂದೆ. “ಎಮ್ಮಿ ಈದೈತ್ರಿ. ಮನ್ಯಾಗ ಎಲ್ಲಾರೂ ಗಿಣ್ಣ ತಿಂದ್ರು, ನನಗಷ್ಟ ಇಲ್ಲ” ಅಂದರು. ಕಿಡ್ನಿ ಕೆಟ್ಟವರಿಗೆ ಹಾಲಿನದು ಜಾಸ್ತಿ ಕೊಡುವ ಹಾಗಿಲ್ಲ, ನಾನೇ ಮಗನಿಗೆ ಹೇಳಿ ಕಳಿಸಿದ್ದೆ. ಇಬ್ಬರೂ ಸುಮ್ನೆ ನಕ್ಕೆವು. ಆಮೇಲೆ ಅವರು ಮಗನ ಸಾಲದ ವಿಷಯ ತೆಗೆದರು. ನಿಜವಾಗಿ ಬಾಧಿಸುತ್ತಿದ್ದದ್ದು ಅದು.

ವೇದಿಕೆ ಮೇಲೆ ನಿಂತು ವಾಕ್ಯ ಹೇಳುವ ಆಸೆ ನನಗೆ ಈಗಲೂ ಇದೆ. ದೇವರು ಅದನ್ನೂ ಕೊಟ್ಟರೆ ಹೋಗುತ್ತೇನೆ. ಕೊಡದಿದ್ದರೆ 2001ರ ಸಾಕ್ಷಿ ಸುಳ್ಳಾಗುವುದಿಲ್ಲ.

ಅಪ್ಪನ ಕಾರ್ಯ ಮುಗಿಸಿ ಡ್ಯೂಟಿಗೆ ಹೋದ ದಿನ ಅದೇ ಅಜ್ಜನ ಸರದಿ ಇತ್ತು. ಸೂಜಿ ಹಾಕಿ ಟೇಪ್ ಅಂಟಿಸುತ್ತಿದ್ದೆ. “ಯಾಕ್ರಿ ಸಿಸ್ಟರ, ಮಾರಿ ಸಣ್ಣದು ಮಾಡೀರಿ?” ಅಂದರು. ಆ ಒಂದು ವಾರದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಸ್ಟೂಲ್ ಎಳೆದುಕೊಂಡು ಕೂತು ಹೇಳಿದೆ, ಕರಿಬೇವಿನ ಗಿಡದ ತನಕ ಎಲ್ಲ. ಅವರು ಕೇಳಿಸಿಕೊಂಡರು. “ನಮ್ಮಪ್ಪ ಹ್ವಾದಾಗ ನಾನೂ ಭಾಳ ದಿನಾ ಹೊಲದ ಕಡೆ ಹೋಗಿರಲಿಲ್ರಿ” ಅಂದರು.