ಅಪರಾಧ ಪಾಡ್‌ಕಾಸ್ಟ್: ಮೈಕ್‌ಗಿಂತ ಮೊದಲು ಕೋರ್ಟ್ ಕಡತ

ಕ್ರೈಮ್ ಪಾಡ್‌ಕಾಸ್ಟ್ ಮಾಡಬೇಕೆನ್ನುವವರು ಮೊದಲು ಮೈಕ್ ಕೊಳ್ಳುತ್ತಾರೆ. ಅದು ಆಮೇಲಿನ ಮಾತು. ಮೊದಲು ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ಪ್ರಕರಣದ ಸಂಖ್ಯೆ ಹುಡುಕಿ ತೀರ್ಪು ಓದಿ, ವಿಚಾರಣಾ ನ್ಯಾಯಾಲಯದ್ದೂ ಮೇಲ್ಮನವಿಯದ್ದೂ. ಸಾಕ್ಷಿ ಹೇಳಿಕೆ, ಮಹಜರು ಬೇಕಿದ್ದರೆ ಪ್ರಮಾಣಿತ ನಕಲಿಗೆ ಅರ್ಜಿ ಹಾಕಬೇಕು. ನೀವು ಪ್ರಕರಣದ ಕಕ್ಷಿದಾರರಲ್ಲದ ಕಾರಣ ಏಕೆ ಬೇಕೆಂದು ಬರೆಯಬೇಕಾಗುತ್ತದೆ. ವಕೀಲರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಎಡವಟ್ಟಾಗುವುದು ಸಾಮಾನ್ಯವಾಗಿ ದೋಷಾರೋಪ ಪಟ್ಟಿಯನ್ನೇ ಸತ್ಯವೆಂದು ಓದಿದಾಗ. ಅದು ಪೊಲೀಸರ ವಾದ, ಅಷ್ಟೇ. ‘ಆರೋಪಿ ತಪ್ಪೊಪ್ಪಿಕೊಂಡ’ ಎಂಬ ಪತ್ರಿಕೆಯ ಸಾಲು ಕೇಳಲು ರೋಚಕ, ಆದರೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕೋರ್ಟು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಸ್ಕ್ರಿಪ್ಟಿನ ಪಕ್ಕದಲ್ಲೇ ಒಂದು ಅಂಕಣ ಮಾಡಿ, ಪ್ರತಿ ಸಾಲಿಗೂ ಕಡತದ ಪುಟಸಂಖ್ಯೆ ಬರೆಯಿರಿ. ಪುಟವಿಲ್ಲದ ಸಾಲು ಹೊರಕ್ಕೆ.

ಅತ್ಯಾಚಾರ ಸಂತ್ರಸ್ತೆಯ ಹೆಸರು ಹೇಳುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಊರು, ಶಾಲೆ, ತಂದೆಯ ಅಂಗಡಿ ಹೇಳಿದರೂ ಗುರುತು ಸಿಕ್ಕೇ ಸಿಗುತ್ತದೆ. ಆಕೆ ಬದುಕಿಲ್ಲವೆಂಬುದು ನೆಪವಾಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಇನ್ನು ಧ್ವನಿ: ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ (WAV) ಫೈಲ್ ಇರಲಿ. ಫ್ಯಾನ್ ಆಫ್ ಮಾಡಿ. ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದೆ ಒಂದು ನಿಮಿಷ ಕೋಣೆಯ ಸದ್ದನ್ನೇ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗಿನಲ್ಲಿ ಕತ್ತರಿಸಿದ ಕಡೆ ತುಂಬಲು ಅದಿಲ್ಲದಿದ್ದರೆ ಆ ಜಾಗವೆಲ್ಲ ಕಿವಿಗೆ ಹೊಡೆಯುತ್ತದೆ.