ಒಣಗದ ಸಾಕ್ಸ್
ಜೂನ್ ಬಂತು, ನಮ್ಮ ಕಾಸರಗೋಡಿನ ಮಳೆಯೂ ಬಂತು, ಮಗಳ ಬಿಳಿ ಸಾಕ್ಸ್ ಮೂರು ದಿನದಿಂದ ಒಣಗಿಲ್ಲ. ಕೊನೆಗೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದೆ, ಈಗ ಹೊಗೆ ವಾಸನೆ ಅಂತ ಅವಳ ತಕರಾರು. ಇದು ಚಳಿ ದೇಶದ ಉಡುಪು ಅಲ್ವಾ? ಅಲ್ಲಿನ ಹುಡುಗರಿಗೆ ಹಿಂದೆ ಚಡ್ಡಿಯ ಕೆಳಗೆ ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ, ಜಾರದಂತೆ ಗಾರ್ಟರ್ ಪಟ್ಟಿ. ಕಾಲುಚೀಲ ಹೆಣೆಯುವ ಯಂತ್ರವನ್ನು ಇಂಗ್ಲೆಂಡಿನ ಪಾದ್ರಿ ವಿಲಿಯಂ ಲೀ 1589ರಲ್ಲೇ ಮಾಡಿದ್ದ. ಆಮೇಲೆ ಎಲಾಸ್ಟಿಕ್ ಬಂತು, ನೈಲಾನ್ ಬಂತು. ನನ್ನ ಕಾಲದ ಎಲಾಸ್ಟಿಕ್ ಎರಡೇ ತಿಂಗಳಿಗೆ ಸಡಿಲ. ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋಗಿ ಸಂಜೆ ಬಿಚ್ಚಿದರೆ ಕಾಲಲ್ಲಿ ಕೆಂಪು ಬಳೆ. ಅದೂ ಒಂಥರಾ ಗಾರ್ಟರೇ! ಬರಿಗಾಲಲ್ಲೇ ಶಾಲೆಗೆ ಹೋದ ಅಪ್ಪ ಜಗಲಿಯಲ್ಲಿ ಕೂತು ನಗ್ತಾ ಇದ್ದಾರೆ.